ನಾರ್ವೆ–ಸ್ವೀಡನ್ನುಗಳ ತೊಂಬತ್ತೊಂದು ವರ್ಷಗಳ ಕೂಟ



ಯುರೋಪಖಂಡದ ಉತ್ತರದಲ್ಲಿ ಒಂದು ದೊಡ್ಡ ಪರ್ಯಾಯದ್ವೀಪವುಂಟು. ಅದರ ನಡುವೆ ಬೆಟ್ಟಗಳ ಸಾಲು. ಮೂಡಲಿಗೆ ಸ್ವೀಡನ್, ಪಡುವಲಿಗೆ ನಾರ್ವೆ. ಎರಡೂ ನಾಡುಗಳವರು ಲೂಥರನ ಮತದವರು. ಒಬ್ಬರ ಮಾತು ಮತ್ತೊಬ್ಬರಿಗೆ ದುಭಾಷಿಯಿಲ್ಲದೆ ತಿಳಿಯುವಷ್ಟು ಹತ್ತಿರದ್ದು. ಇಂತಹ ನೆರೆಯವರು 1814ರಲ್ಲಿ ಒಬ್ಬನೇ ಅರಸನ ಕೆಳಗೆ ಕೂಡಿದರು, 1905ರಲ್ಲಿ ಬೇರೆಯಾದರು. ಕೂಡಿಸುವ ಸಾಧನಗಳೆಲ್ಲ ಇದ್ದೂ ಆ ಕೂಟವು ಏಕೆ ನಿಲ್ಲಲಿಲ್ಲವೆಂಬುದನ್ನು ಇಂದು ತಮ್ಮೆದುರಿಗೆ ವಿಚಾರಿಸಬೇಕೆಂದಿದ್ದೇವೆ. ಐಕ್ಯವನ್ನು ಹಂಬಲಿಸುವವರು ಅಗಲಿಕೆಯ ಕಥೆಯನ್ನು ಕೇಳುವುದು ಅಪಶಕುನವೆಂದು ಯಾರೂ ಭಾವಿಸದಿರಲಿ.

ನಾರ್ವೆಯು ನಾಲ್ಕು ಶತಮಾನಗಳಿಗೂ ಮಿಕ್ಕಿ ಡೆನ್ಮಾರ್ಕದೊಡನೆ ಇದ್ದಿತು. ನೆಪೋಲಿಯನ್ನನ ಯುದ್ಧಗಳಲ್ಲಿ ಡೆನ್ಮಾರ್ಕದ ಅರಸನು ಫ್ರಾನ್ಸಿನ ಪಕ್ಷವನ್ನು ಹಿಡಿದು ಸೋತನು. ಇತ್ತ ಸ್ವೀಡನ್ನು 1809ರಲ್ಲಿ ಫಿನ್ಲಂಡವನ್ನು ರಶಿಯಕ್ಕೆ ಕಳೆದುಕೊಂಡಿದ್ದಿತು. ಆ ನಷ್ಟವನ್ನು ನಾರ್ವೆಯಿಂದ ತುಂಬಿಕೊಳ್ಳಬೇಕೆಂಬುದು ಅದರ ಯುವರಾಜನಾದ ಕಾರ್ಲ್ ಯೋಹಾನನ ಹಂಚಿಕೆ. ಈತನು ಹುಟ್ಟಿನಿಂದ ಸ್ವೀಡನ್ನಿನವನಲ್ಲ. ಬರ್ನಾಡೊಟ್ಟನೆಂಬ ಹೆಸರಿನಿಂದ ನೆಪೋಲಿಯನ್ನನ ಸೇನಾನಿಯಾಗಿದ್ದ ಫ್ರೆಂಚನು! 1814ನೆಯ ಜನವರಿ 14ರಂದು ಕೀಲ್ ಪಟ್ಟಣದಲ್ಲಿ ತಹವಾಯಿತು. ಕೊಟ್ಟವನು ಡೆನ್ಮಾರ್ಕದ ಅರಸ, ಪಡೆದವನು ಸ್ವೀಡನ್ನಿನ ಅರಸ. ಕೊಡಲ್ಪಟ್ಟವರನ್ನು ಯಾರೂ ಕೇಳಲಿಲ್ಲ.

ಆದರೆ ಆ ಜನರು ಸುಮ್ಮನೆ ಕೂಡ್ರಲಿಲ್ಲ. ಎಪ್ರಿಲ್ ತಿಂಗಳಲ್ಲಿ ಐಡ್ಸ್‌ವೋಲ್ ಎಂಬಲ್ಲಿಯ ಒಂದು ದೊಡ್ಡ ಮನೆಯಲ್ಲಿ 112 ಮಂದಿ ಪ್ರತಿನಿಧಿಗಳು ನೆರೆದರು. ಅವರಲ್ಲಿ ಅಧಿಕಾರಿಗಳಿದ್ದರು, ವ್ಯಾಪಾರಿಗಳಿದ್ದರು, ಒಕ್ಕಲಿಗರೂ ಇದ್ದರು. ಉತ್ತರದ ತುದಿಯ ಜಿಲ್ಲೆಗಳವರು ಬಂದು ಮುಟ್ಟುವಷ್ಟು ವೇಳೆಯೂ ಇರಲಿಲ್ಲ. ಆರು ವಾರಗಳೊಳಗಾಗಿ ಒಂದು ರಾಜ್ಯಘಟನೆಯನ್ನು ಬರೆದು, ಮೇ 17ರಂದು ಡೆನ್ಮಾರ್ಕದ ರಾಜಪುತ್ರನಾದ ಕ್ರಿಸ್ತಿಯಾನ್ ಫ್ರೆಡರಿಕನನ್ನು ತಮ್ಮ ಅರಸನನ್ನಾಗಿ ಆರಿಸಿಕೊಂಡರು. ಕಾರ್ಲ್ ಯೋಹಾನನು ದಂಡೆತ್ತಿ ಬಂದನು. ಮೂರು ವಾರಗಳೂ ತುಂಬದ ಆ ಯುದ್ಧದಲ್ಲಿ ನಾರ್ವೆಯು ಗೆಲ್ಲುವಂತಿರಲಿಲ್ಲ. ಆದರೂ ಆಗಸ್ಟ್ 14ರ ಮೊಸ್ ಒಡಂಬಡಿಕೆಯಲ್ಲಿ ಗೆದ್ದವನೇ ಸೋತವರ ರಾಜ್ಯಘಟನೆಯನ್ನು ಒಪ್ಪಿಕೊಂಡನು. ಕೂಟಕ್ಕೆ ಬೇಕಾದ ತಿದ್ದುಪಡಿಗಳಷ್ಟೇ ಆಗಬೇಕಾಗಿದ್ದವು. ಇದು ಔದಾರ್ಯವೋ ಜಾಣತನವೋ? ವಿಯೆನ್ನಾದಲ್ಲಿ ಮಹಾರಾಜ್ಯಗಳ ಸಭೆ ಸೇರುವ ಮೊದಲೇ ಕೆಲಸವನ್ನು ಮುಗಿಸುವ ಅವಸರವು ಅವನಿಗಿದ್ದಿತೆಂದೇ ನಮ್ಮ ಮತ. ನವಂಬರ್ 4ರಂದು ನಾರ್ವೆಯ ಪ್ರತಿನಿಧಿಸಭೆಯಾದ ಸ್ಟೋರ್ಟಿಂಗ್ ಸ್ವೀಡನ್ನಿನ ಅರಸನನ್ನು ನಾರ್ವೆಯ ಅರಸನನ್ನಾಗಿ ‘ಆರಿಸಿತು’. ಈ ಶಬ್ದವನ್ನು ತಾವು ಲಕ್ಷ್ಯದಲ್ಲಿಡಬೇಕು. ಸ್ವೀಡನ್ನಿನವರು ತಾವು ಕೀಲ್ ತಹದಿಂದ ನಾರ್ವೆಯನ್ನು ಪಡೆದೆವೆಂದು ತಿಳಿದರು. ನಾರ್ವೆಯವರು ತಾವಾಗಿ ಆರಿಸಿ ಕೂಡಿದೆವೆಂದು ತಿಳಿದರು. ಒಂದೇ ಕೂಟಕ್ಕೆ ಎರಡು ಜಾತಕಗಳು!

ಸಭೆ, ಕಾಯದೆ, ಖಜಾನೆ, ಸೈನ್ಯ ಇವೆಲ್ಲ ಬೇರೆಬೇರೆ. ಅರಸನೂ ಪರರಾಷ್ಟ್ರ ವ್ಯವಹಾರವೂ ಒಂದು. ಆ ವ್ಯವಹಾರವು ಸ್ವೀಡನ್ನಿನ ಮಂತ್ರಿಯ ಕೈಯಲ್ಲಿಯೇ ಉಳಿಯಿತು. ಎರಡೂ ಜನಾಂಗಗಳು ಕೂಡಿ ಕುಳಿತು ಮಾತಾಡುವ ಒಂದು ಸಭೆಯೂ ಇರಲಿಲ್ಲ.

ಅರಸನಾದ ಮೇಲೆ ಕಾರ್ಲ್ ಯೋಹಾನನು ಸ್ಟೋರ್ಟಿಂಗಿನ ನಿರ್ಣಯಗಳನ್ನು ಪೂರ್ತಿಯಾಗಿ ತಳ್ಳಿಹಾಕುವ ಅಧಿಕಾರವನ್ನು ಕೇಳಿದನು. 1824ರಲ್ಲಿ ಸಭೆಯು ಕೊಡಲಿಲ್ಲ. ಮೇ 17ರ ಉತ್ಸವವನ್ನು ಅವನು ನಿಷೇಧಿಸಲು, 1829ರಲ್ಲಿ ರಾಜಧಾನಿಯಾದ ಕ್ರಿಸ್ತಿಯಾನಿಯದ, ಎಂದರೆ ಈಗಿನ ಓಸ್ಲೋದ, ಚೌಕದಲ್ಲಿ ನೆರೆದ ಜನರ ಮೇಲೆ ಕುದುರೆಯ ದಂಡನ್ನು ಬಿಟ್ಟರು. ಅಂದಿನಿಂದ ಆ ಉತ್ಸವವು ಇನ್ನಷ್ಟು ಪ್ರಿಯವಾಯಿತೆಂದು ಹೇಳಬೇಕಾಗಿಲ್ಲ. ಬಾವುಟದ ಮೂಲೆಯಲ್ಲಿ 1844ರಿಂದ ಕೂಟದ ಗುರುತೊಂದನ್ನು ಸೇರಿಸಿದರು. ಎರಡು ನಾಡುಗಳ ಬಣ್ಣಗಳು ಕಲಸಿದ ಅದನ್ನು ಜನರು ಮೀನಿನ ಕೋಸಂಬರಿಯೆಂದು ನಕ್ಕರು. ನಾರ್ವೆಯ ವ್ಯಾಪಾರಿ ಹಡಗುಗಳ ಬಾವುಟದಿಂದ ಅದನ್ನು ತೆಗೆಯುವ ಕಾಯದೆಯನ್ನು ಅರಸನ ಒಪ್ಪಿಗೆಯಿಲ್ಲದೆ ಮೂರನೆಯ ಸಲ ಪಾಸು ಮಾಡಿ ಗೆಲ್ಲುವಾಗ 1898 ಆಗಿದ್ದಿತು. ಈ ನಡುವೆ, ಡೇನರ ಭಾಷೆಯಲ್ಲಿಯೇ ಬರೆಯುತ್ತಿದ್ದ ಆ ನಾಡಿನಲ್ಲಿ, ಒಕ್ಕಲಿಗನ ಮಗನಾದ ಈವಾರ್ ಓಸೆನ್ ಹಳ್ಳಿಹಳ್ಳಿಗಳನ್ನು ಸುತ್ತಿ ಆಡುನುಡಿಗಳನ್ನು ಕೂಡಹಾಕಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ಕೋಶವನ್ನೂ ಹೊರಡಿಸಿದನು. 1885ರಲ್ಲಿ ಸ್ಟೋರ್ಟಿಂಗ್ ಆ ನುಡಿಗೆ ಸಮಾನ ಸ್ಥಾನವನ್ನು ಕೊಟ್ಟಿತು. ಶಾಲಾಗುರುಗಳಾದ ತಮಗೆ ಈ ಮನುಷ್ಯನ ವಿಷಯವನ್ನು ಬೇರೊಂದು ದಿನ ವಿಸ್ತಾರವಾಗಿ ಹೇಳಬೇಕೆಂಬ ಆಸೆ ನಮಗಿದೆ.

ಕಡೆಗೆ ಕೂಟವನ್ನು ಮುರಿದ ವಿಷಯವು ನೋಡುವವರಿಗೆ ಅಲ್ಪವಾದುದು. ನಾರ್ವೆಯ ಹಡಗುಗಳು ಲೋಕದ ಬಂದರುಗಳನ್ನೆಲ್ಲ ಸುತ್ತುತ್ತಿದ್ದವು. ಅದರ ವ್ಯಾಪಾರಿ ನೌಕಾಬಲವು ಜಗತ್ತಿನ ಅತಿದೊಡ್ಡವುಗಳಲ್ಲೊಂದು. ಪರದೇಶದ ಬಂದರಿನಲ್ಲಿ ನಾವಿಕನ ತಂಟೆ ತಕರಾರುಗಳನ್ನು ನೋಡಿಕೊಳ್ಳುವ ಕಾನ್ಸಲ್ ಎಂಬ ಅಧಿಕಾರಿಯಾದರೋ ಎರಡೂ ರಾಜ್ಯಗಳಿಗೆ ಒಬ್ಬನೇ. ಅವನ ಮೇಲಣ ಅಧಿಕಾರವು ಸ್ವೀಡನ್ನಿನ ಮಂತ್ರಿಯದು. ಸ್ವೀಡನ್ನು ಪರದೇಶದ ಸರಕಿನ ಮೇಲೆ ಸುಂಕವನ್ನೇರಿಸಹತ್ತಿತು. ನಾರ್ವೆಗೆ ಬೇಕಾದುದು ತೆರೆದ ವ್ಯಾಪಾರ. ಎರಡು ನಾಡುಗಳ ನಡುವಿನ ಸುಂಕವಿಲ್ಲದ ವ್ಯಾಪಾರದ ಕರಾರೂ 1897ರಲ್ಲಿ ಕೊನೆಗೊಂಡಿತು. ತಮಗೆ ಬೇರೆ ಕಾನ್ಸಲರು ಬೇಕೆಂದು ನಾರ್ವೆಯವರು ಕೇಳಿದರು. ಒಪ್ಪಂದವು ಇನ್ನೇನು ಆಗುವುದೆನ್ನುವಾಗ, 1904ರಲ್ಲಿ ಸ್ವೀಡನ್ನಿನ ಮುಖ್ಯಮಂತ್ರಿ ಬೂಸ್ಟ್ರೋಮನು ಹೊಸ ಕಲಮುಗಳನ್ನು ಮುಂದಿಟ್ಟನು; ಅವುಗಳಲ್ಲೊಂದರಂತೆ ನಾರ್ವೆಯ ಕಾನ್ಸಲನನ್ನು ತೆಗೆಯಿಸುವ ಅಧಿಕಾರವು ಸ್ವೀಡನ್ನಿನ ಪರರಾಷ್ಟ್ರ ಮಂತ್ರಿಗೆ! ಇವು ಮಾಂಡಲಿಕ ರಾಜ್ಯಕ್ಕೆ ತಕ್ಕ ಕಲಮುಗಳೆಂದು ನಾರ್ವೆಯಲ್ಲಿ ಕೂಗೆದ್ದಿತು. ಸ್ವೀಡನ್ನಿನವರು ದುಷ್ಟರಲ್ಲ, ಪರರಾಷ್ಟ್ರಗಳೆದುರಿಗೆ ಕೂಟವು ಎರಡು ಬಾಯಿಗಳಿಂದ ಮಾತಾಡಬಾರದೆಂಬ ಅವರ ಭಯವೂ ನಿಜವಾದುದೇ. ಆದರೆ ಸಮಾನನೆಂದು ಕರೆದವನ ಕೈಗೆ ಮಾಂಡಲಿಕನ ಪತ್ರವನ್ನು ಕೊಟ್ಟುದು ಮಾತ್ರ ಅವಿವೇಕ.

1905ನೆಯ ಮೇ ತಿಂಗಳಲ್ಲಿ ಸ್ಟೋರ್ಟಿಂಗ್ ಕಾನ್ಸಲರ ಕಾಯದೆಯನ್ನು ಪಾಸು ಮಾಡಿತು. 27ರಂದು ಅರಸನಾದ ಎರಡನೆಯ ಓಸ್ಕಾರನು ಒಪ್ಪಿಗೆಯನ್ನು ನಿರಾಕರಿಸಲು, ಬರ್ಗೆನ್ ಪಟ್ಟಣದ ಹಡಗಿನ ಸಾಹುಕಾರನೂ ವಕೀಲನೂ ಆದ ಮಿಕೆಲ್ಸೆನ್ನನ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಈಗ ಬೇರೊಂದು ಮಂಡಲವನ್ನು ಕಟ್ಟಲಾಗದೆಂದು ಅರಸನೇ ನುಡಿದನು. ಆ ನುಡಿಯನ್ನೇ ಹಿಡಿದು ಜೂನ್ 7ರಂದು ಸ್ಟೋರ್ಟಿಂಗ್ ಠರಾವು ಮಾಡಿತು: ಅರಸನು ರಾಜ್ಯಕ್ಕೆ ಮಂತ್ರಿಮಂಡಲವನ್ನು ಕೊಡಲಾರದವನಾದುದರಿಂದ ಅವನ ಅರಸುತನವು ನಿಂತುಹೋಗಿದೆ, ಅದು ನಿಂತುದರಿಂದ ಒಬ್ಬ ಅರಸನ ಕೆಳಗಿನ ಕೂಟವೂ ಇಲ್ಲವಾಗಿದೆ. ತೊಂಬತ್ತೊಂದು ವರ್ಷಗಳ ಗಂಟು ಒಂದು ವಾಕ್ಯದ ಬಾಲದಲ್ಲಿ ಬಿಚ್ಚಿತು.

ಜನಮತವನ್ನು ತೋರಿಸಿರೆಂದು ಸ್ವೀಡನ್ನು ಕೇಳಿತು. ಆಗಸ್ಟ್ 13ರಂದು 3,68,208 ಗಂಡಸರು ಅಗಲಿಕೆಗೆ ಕೈಯೆತ್ತಿದರು. ಬೇಡವೆಂದವರು 184 ಮಂದಿ. ಮತದ ಹಕ್ಕಿಲ್ಲದ ಹೆಂಗಸರು ಸುಮ್ಮನಿರದೆ, ಎರಡು ಲಕ್ಷಕ್ಕೂ ಮಿಕ್ಕ ಸಹಿಗಳನ್ನು ಕೂಡಿಸಿ ಸ್ಟೋರ್ಟಿಂಗಿಗೆ ಒಪ್ಪಿಸಿದರು. ಗಡಿಯಲ್ಲಿ ಎರಡೂ ದಂಡುಗಳು ನೆರೆದಿದ್ದವು. ಒಂದು ಗುಂಡಿನಿಂದ ಎಲ್ಲವೂ ಕೆಡಬಹುದಾಗಿದ್ದಿತು. ಕಾರ್ಲ್‌ಸ್ಟಾಡ್ ಪಟ್ಟಣದಲ್ಲಿ ಸಂಧಾನವು ನಡೆದು ಸಪ್ಟಂಬರ್ 23ರಂದು ಫಲಿಸಿತು. ನಾರ್ವೆಯು ತನ್ನ ಗಡಿಯ ಹೊಸ ಕೋಟೆಗಳನ್ನು ಕೆಡವಲು ಒಪ್ಪಿತು. ಮುಂದಿನ ವ್ಯಾಜ್ಯಗಳನ್ನು ಪಂಚಾಯಿತಿಗೆ ಒಪ್ಪಿಸುವುದೆಂದು ಗೊತ್ತಾಯಿತು. ಕೋಟೆಗಳ ಮಾತು ನಾರ್ವೆಯವರಿಗೆ ಕಹಿಯಾಗಿದ್ದಿತು, ಆದರೂ ನುಂಗಿದರು.

ಓಸ್ಕಾರನು ಅಕ್ಟೋಬರ್ 26ರಂದು ನಾರ್ವೆಯ ಸಿಂಹಾಸನವನ್ನು ಬಿಟ್ಟುಕೊಟ್ಟನು. ತನ್ನ ವಂಶದ ಒಬ್ಬ ರಾಜಪುತ್ರನನ್ನು ಅರಸನನ್ನಾಗಿ ಕೊಡಬೇಕೆಂಬ ನಾರ್ವೆಯ ಬೇಡಿಕೆಯನ್ನು ಅವನು ಒಪ್ಪಲಿಲ್ಲ. ಡೆನ್ಮಾರ್ಕದ ಕಾರ್ಲನು ಜನಮತದಿಂದ ಏಳನೆಯ ಹಾಕೋನನಾಗಿ ಬಂದನು. ಓಸ್ಕಾರನ ರಾಜಮುದ್ರಿಕೆಯ ಉಕ್ತಿಯು ಅದುವರೆಗೆ ‘ಸೋದರ ಜನಾಂಗಗಳ ಹಿತ’ವೆಂದಿದ್ದಿತು. ಆ ವರ್ಷ ಮುದುಕನಾದ ಅರಸನು ಅದನ್ನು ‘ಸ್ವೀಡನ್ನಿನ ಹಿತ’ವೆಂದು ತಿದ್ದಿಸಿದನು, ಎರಡು ವರ್ಷಗಳ ಮೇಲೆ ತೀರಿಕೊಂಡನು.