ದುಡ್ಡು ಅಮ್ಮನ ಖಾತೆಗೇ ಹೋಗಲಿ

ವಾರಕ್ಕೆ ಸಿಗುವ ಒಂದೇ ರಜೆ ಬಿಟ್ಟು ಬಂದಿದ್ದೀರಿ, ನೇರ ವಿಷಯಕ್ಕೆ ಬರ್ತೇನೆ. ನಾನು ಬಿ.ಕಾಂ. ಓದಿ, ಇಲ್ಲಿ ದುಬೈನಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬೇರೆಯವರ ದುಡ್ಡಿನಲ್ಲಿ. ಇವತ್ತಿನ ಮಾತು ಅದರ ಬಗ್ಗೆಯೇ.

ನನ್ನ ಅಪ್ಪ ಇಲ್ಲಿ ಗಾರೆ ಕೆಲಸದಲ್ಲಿದ್ದಾಗ ತೀರಿಕೊಂಡರು. ಆಗ ನನಗೆ ಒಂಬತ್ತು, ತಂಗಿಗೆ ಐದು. ಅಮ್ಮ ಕುಂದಾಪುರದ ಕಡೆ ನಮ್ಮ ಮನೆಯಲ್ಲಿ ಬೀಡಿ ಕಟ್ಟಿ ನಮ್ಮನ್ನು ಸಾಕಿದರು. ಊರಿನ ಒಂದು ಟ್ರಸ್ಟ್ ನಮ್ಮಿಬ್ಬರ ಶಾಲೆಯ ಖರ್ಚು ವಹಿಸಿಕೊಂಡಿತು. ಆ ಉಪಕಾರ ನಾನು ಮರೆತಿಲ್ಲ. ಆದರೆ ಅಮ್ಮನ ಹೆಸರಲ್ಲಿ ಬ್ಯಾಂಕ್ ಖಾತೆ ಇರಲಿಲ್ಲ, ಚೆಕ್ಕು ದೊಡ್ಡಪ್ಪನ ಹೆಸರಿಗೆ ಬರ್ತಿತ್ತು. ದೊಡ್ಡಪ್ಪ ಕೆಟ್ಟವರಲ್ಲ. ಆದರೂ ನನಗೊಂದು ಕಂಪಾಸ್ ಬಾಕ್ಸ್ ಬೇಕಾದರೆ ಅಮ್ಮ ಅವರ ಅಂಗಳದಲ್ಲಿ ನಿಂತು ಕೇಳಬೇಕಿತ್ತು. "ಮೊನ್ನೆ ಕೊಟ್ಟೆನಲ್ಲ" ಅಂತ ಕೇಳಿಸಿಕೊಂಡು ಬರ್ತಿದ್ದರು. ವರ್ಷಕ್ಕೊಮ್ಮೆ ನಮ್ಮನ್ನು ವೇದಿಕೆಗೆ ಕರೆದು ಫೋಟೊ ತೆಗೀತಿದ್ದರು. ಚಿಕ್ಕವನಿದ್ದಾಗ ನನಗೆ ಖುಷಿಯೇ, ಲಾಡು ಸಿಗ್ತಿತ್ತು. ಎಂಟನೇ ಕ್ಲಾಸಿನಲ್ಲಿ, ಜೊತೆ ಹುಡುಗರೆಲ್ಲ ಎದುರು ಕೂತಿದ್ದಾರೆ ಅಂತ ಗೊತ್ತಾದಾಗ, ಹೋಗೋದಿಲ್ಲ ಅಂತ ಹಟ ಹಿಡಿದೆ. ಅಮ್ಮ ಹೊಡೆಯಲಿಲ್ಲ. "ಫೋಟೊ ಇಲ್ಲದಿದ್ದರೆ ಫೀಸೂ ಇಲ್ಲ ಮಗಾ" ಅಂದರು. ಹೋದೆ.

ಎಸ್ಸೆಸ್ಸೆಲ್ಸಿ ಮುಗಿದದ್ದೇ ಸಹಾಯ ನಿಂತಿತು. ಅವರ ನಿಯಮವೇ ಹಾಗಿತ್ತಂತೆ, ನಮಗೆ ಗೊತ್ತಾದದ್ದು ಕಾಲೇಜು ಶುರುವಾಗುವ ಹೊತ್ತಿಗೆ. ಅಮ್ಮ ಬೆಂಡೋಲೆಯನ್ನು ಸೊಸೈಟಿಯಲ್ಲಿ ಅಡವಿಟ್ಟು ಪಿಯುಸಿಗೆ ಸೇರಿಸಿದರು. ಮುಂದೆ ಬಿ.ಕಾಂ.ಗೆ, ಅಪ್ಪನ ರೂಮಿನಲ್ಲಿದ್ದ ಮೂವರು ಇಲ್ಲಿಂದ ದುಡ್ಡು ಕಳಿಸಿದರು. ದೊಡ್ಡ ಮೊತ್ತವೇನಲ್ಲ. ಆದರೆ ತಿಂಗಳ 10ನೇ ತಾರೀಕಿನೊಳಗೆ ಬರ್ತಿತ್ತು, ಅಷ್ಟು ಹೊತ್ತಿಗೆ ತೆರೆದಿದ್ದ ಅಮ್ಮನ ಸ್ವಂತ ಖಾತೆಗೆ. ಬ್ಯಾಂಕಿಗೆ ಹೋಗುವ ದಿನ ಅಮ್ಮ ಒಳ್ಳೆ ಸೀರೆ ಉಡುತ್ತಿದ್ದರು.

ಈಗ ನಮ್ಮ ವಿಷಯ. ನಮ್ಮ ಜೊತೆಯವರೊಬ್ಬರು ತೀರಿಕೊಂಡರೆ ದೇಣಿಗೆಯ ಮಾತು ಆಮೇಲೆ, ಮೊದಲು ಆ ಹೆಂಗಸಿಗೆ ಹಕ್ಕಿನಿಂದ ಬರಬೇಕಾದದ್ದು. ಬಾಕಿ ಸಂಬಳ, ಗ್ರ್ಯಾಚುಟಿ ಎರಡೂ ಕುಟುಂಬಕ್ಕೆ ಸೇರಬೇಕು. ಯುಎಇಯಲ್ಲಿ ಗ್ರ್ಯಾಚುಟಿ ಅಂದರೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಇಸಿಆರ್ ಪಾಸ್‌ಪೋರ್ಟಿನಲ್ಲಿ ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಅಪಘಾತದಲ್ಲಿ ಸತ್ತರೆ 10 ಲಕ್ಷ ರೂಪಾಯಿ. ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ. ವೀಸಾ ನವೀಕರಿಸುವಾಗ ಇದನ್ನು ನವೀಕರಿಸಲು ಮರೆಯುವವರೇ ಜಾಸ್ತಿ. ಮದುವೆಗೆ ಮೊದಲು ನಾಮಿನಿ ಅಂತ ಅಣ್ಣನ ಹೆಸರು ಬರೆಸಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಇವತ್ತು ರಾತ್ರಿ ತೆಗೆದು ನೋಡಿ. ಊರಿನಲ್ಲಿ, ಆದಾಯ ಕಡಿಮೆ ಇದ್ದರೆ, ತಿಂಗಳಿಗೆ 800 ರೂಪಾಯಿ ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ.

ಆಮೇಲೆ ಮಕ್ಕಳ ಓದಿನ ಖರ್ಚು. ಯಾರೋ ಒಬ್ಬರು ವಾಟ್ಸಾಪಿನಲ್ಲಿ ದೇಣಿಗೆ ಎತ್ತುವುದು ಬೇಡ. ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಈ ದೇಶದಲ್ಲಿ ಅಪರಾಧ, 2021ರ ಕಾನೂನಿದೆ. ಒಳ್ಳೆ ಮನಸ್ಸಿನಿಂದ ಮಾಡಿದೆ ಅಂದರೆ ನಡೆಯೋದಿಲ್ಲ. ಪರಿಚಯದ ಎಂಟು ಜನ ಮಾತಾಡಿಕೊಂಡು, ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದ ತಿಂಗಳಿಗೆ 500 ರೂಪಾಯಿ ನೇರ ಆಕೆಯ ಖಾತೆಗೆ ಹಾಕಿ. ತಿಂಗಳಿಗೆ 4,000, ವರ್ಷಕ್ಕೆ 48,000. ಸಂಬಂಧಿಕರಲ್ಲದವರಿಂದ ಬಂದದ್ದು ಹಣಕಾಸು ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತ ಆಕೆಯ ಆದಾಯಕ್ಕೆ ಸೇರುತ್ತದೆ. ತೆರಿಗೆ ಕಟ್ಟುವಷ್ಟು ಆಗಲಿಕ್ಕಿಲ್ಲ, ಆದರೂ ಆ ತಲೆನೋವು ಯಾಕೆ?

ಕಷ್ಟದ ಲೆಕ್ಕ ಬೇರೆ ಇದೆ. ಮಗು ನಾಲ್ಕನೇ ಕ್ಲಾಸು ಅಂದುಕೊಳ್ಳಿ. ಹತ್ತನೆಯವರೆಗೆ ಏಳು ವರ್ಷ, ಪಿಯುಸಿ ಎರಡು, ಡಿಗ್ರಿ ಮೂರು. ಒಟ್ಟು 12 ವರ್ಷ. ನಮ್ಮ ವೀಸಾ ಎರಡು ವರ್ಷದ್ದು! ಹಾಗಂತ ಕೈ ಚೆಲ್ಲಬೇಕಾಗಿಲ್ಲ. ಒಂದು ವರ್ಷದ ಪಾಲು, ಅಂದರೆ 6,000 ರೂಪಾಯಿ, ಪ್ರತಿಯೊಬ್ಬರೂ ನಿಮ್ಮ ಖಾತೆಯಲ್ಲೇ ಮುಟ್ಟದೆ ಇಡಿ. ಕೆಲಸ ಹೋದರೂ ಒಂದು ವರ್ಷ ನಡೆಯುತ್ತದೆ. ಊರಿಗೆ ವಾಪಸ್ ಹೋಗುವವರು ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಒಪ್ಪಿಸಿ ಹೋಗಿ. ಯಾರೂ ಸಿಗದಿದ್ದರೆ ಆ ತಾಯಿಗೆ ಮೂರು ತಿಂಗಳ ಮೊದಲೇ ಹೇಳಿ. ಎಲ್ಲಿಯವರೆಗೆ ಕೊಡ್ತೇವೆ ಅನ್ನೋದನ್ನು ಮೊದಲ ದಿನವೇ ಹೇಳಿ, ಹತ್ತನೆಯವರೆಗೆ ಮಾತ್ರ ಆದರೂ ಪರವಾಗಿಲ್ಲ.

ಫೋಟೊ ಕೇಳಬೇಡಿ. ಪ್ರತಿ ರೂಪಾಯಿಗೆ ಬಿಲ್ಲನ್ನೂ ಕೇಳಬೇಡಿ. ಲೆಕ್ಕದವನೇ ಹೀಗೆ ಹೇಳ್ತಾನಲ್ಲ ಅಂತ ನಗಬೇಡಿ. ವರ್ಷಕ್ಕೊಮ್ಮೆ ಫೀಸಿನ ರಸೀದಿ ನೋಡಿದರೆ ಸಾಕು. ಉಳಿದದ್ದರಲ್ಲಿ ಆಕೆ ಅಕ್ಕಿ ತಂದರೂ ಆ ಅಕ್ಕಿ ಉಣ್ಣುವುದು ಅದೇ ಮಕ್ಕಳು.

ಹಿಂದಿನ ಮೇಜಿನ ಹತ್ತಿರ ಊಟದವರೆಗೂ ಕೂತಿರ್ತೇನೆ. ನಾಮಿನಿ ಬದಲಾಯಿಸುವವರು, ಮನೆಯಾಕೆಯ ಹೆಸರಲ್ಲಿ ಇನ್ನೂ ಖಾತೆ ಇಲ್ಲದವರು ಮೊದಲು ಬನ್ನಿ.