ಗಡಿ ದಾಟಿದ ಕೂಸು
(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನುಡಿಯ ಹಿರಿಮೆ, ನಾಡಿನ ಇತಿಹಾಸ, ಕವಿಗಳ ಕೃತಿ ಇವುಗಳನ್ನು ಕುರಿತು ಮಾತಾಗುವುದು ವಾಡಿಕೆ. ಆ ವಿಷಯಗಳಲ್ಲಿ ನಮಗಿಂತ ಬಲ್ಲವರು ಈ ಸಭೆಯಲ್ಲಿ ಬಹುಮಂದಿ ಇದ್ದಾರೆ. ನಾವು ಬ್ಯಾಂಕಿನ ಗುಮಾಸ್ತರು. ಲೆಕ್ಕಪತ್ರವೂ, ಬಿ.ಕಾಂ. ತರಗತಿಯಲ್ಲಿ ಓದಿದ ಅಷ್ಟಿಷ್ಟು ಕಾಯಿದೆಯೂ ನಮ್ಮ ಬಂಡವಾಳ. ಆದಕಾರಣ ಕಾಯಿದೆಗೆ ಸಂಬಂಧಿಸಿದ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇವೆ. ಮುಂಬಯಿಯ ನಮ್ಮ ಜನರ ಮನೆಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿ ಸಂಸಾರ ಹೂಡಿರುವುದು ಈಗ ಸಾಮಾನ್ಯ. ಹಾಗಿರುವಾಗ ಈ ವಿಚಾರ ಯಾರ ಮನೆಯ ಬಾಗಿಲನ್ನಾದರೂ ತಟ್ಟಬಹುದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ತಮಗೆಲ್ಲ ತಿಳಿದದ್ದೇ. ಗಾದೆ ಕಟ್ಟಿದ ಕಾಲದಲ್ಲಿ ಆ ಕೂಸು ಬಹಳವೆಂದರೆ ತಂದೆಯ ಊರಿನಿಂದ ಅಜ್ಜಿಯ ಊರಿಗೆ ಹೋಗುತ್ತಿತ್ತು. ಈಗ ಅದು ವಿಮಾನ ಹತ್ತಿ ಒಂದು ರಾಜ್ಯದ ಕಾನೂನಿನಿಂದ ಮತ್ತೊಂದು ರಾಜ್ಯದ ಕಾನೂನಿನೊಳಕ್ಕೆ ಬಂದು ಇಳಿಯುತ್ತದೆ. ತೊಡಕು ಹುಟ್ಟುವುದು ಅಲ್ಲಿಯೇ.

ಒಂದು ದೃಷ್ಟಾಂತ ತೆಗೆದುಕೊಳ್ಳೋಣ. ಧಾರವಾಡದ ಹುಡುಗಿ, ಮುಂಬಯಿಯಲ್ಲಿ ಬೆಳೆದ ಹುಡುಗ. ಇಬ್ಬರೂ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಆರು ವರ್ಷದ ಮಗುವಿದೆ. ಅಲ್ಲಿಯ ಶಾಲೆಗೆ ಹೋಗುತ್ತಿದೆ. ಮನಸ್ಸುಗಳು ಮುರಿಯುತ್ತವೆ. ದಸರೆಗೆಂದು ತಾಯಿ ಮಗುವನ್ನು ತವರಿಗೆ ಕರೆತರುತ್ತಾಳೆ. ಹಿಂದಿರುಗುವ ಟಿಕೇಟಿನ ದಿನ ಬಂದಾಗ ಹೋಗಲೊಲ್ಲಳು. ತಾಯಿಯ ಸ್ಥಾನದಲ್ಲಿ ತಂದೆಯನ್ನಿಟ್ಟರೂ ಕಥೆ ಇದೇ. ಇಂಗ್ಲೆಂಡಿನ ಕೋರ್ಟು ಮಗುವನ್ನು ಕೂಡಲೆ ಹಿಂದಕ್ಕೆ ಕರೆತರತಕ್ಕದ್ದೆಂದು ಆಜ್ಞೆ ಮಾಡುತ್ತದೆ. ಧಾರವಾಡದ ಕೋರ್ಟು ಮಗುವನ್ನು ತಾಯಿಯಿಂದ ಅಗಲಿಸಕೂಡದೆಂದು ತಡೆಯಾಜ್ಞೆ ಕೊಡುತ್ತದೆ. ಎರಡು ಕಾಗದಕ್ಕೂ ಮುದ್ರೆಯುಂಟು, ಸಹಿಯುಂಟು. ಕೂಸು ಮಾತ್ರ ಒಂದೇ.

ನಮ್ಮ ವೃತ್ತಿಯ ಕಣ್ಣಿನಿಂದ ನೋಡಿದರೆ ಇಲ್ಲೊಂದು ವಿಚಿತ್ರವಿದೆ. ಇದೇ ದಂಪತಿಗಳ ನಡುವೆ ಮಗುವಿನ ಬದಲು ವ್ಯಾಪಾರದ ಸಾಲದ ವ್ಯಾಜ್ಯವಿದ್ದು, ಇಂಗ್ಲೆಂಡಿನ ಮೇಲಿನ ಕೋರ್ಟು ಹಣ ಕೊಡಬೇಕೆಂದು ಡಿಕ್ರಿ ಮಾಡಿದ್ದರೆ, ಆ ಡಿಕ್ರಿಯ ಪ್ರಮಾಣಿತ ನಕಲನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಹಾಜರುಪಡಿಸಿ ಇಲ್ಲಿಯದೇ ಡಿಕ್ರಿಯಂತೆ ಅಮಲು ಮಾಡಿಸಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಲ್ಲಿ ಅದಕ್ಕೆ ದಾರಿ ಮಾಡಿದೆ. ಕೆಲವು ವಿನಾಯಿತಿಗಳಿದ್ದರೂ ದಾರಿ ದಾರಿಯೇ. ಆದರೆ ಆ ಕಲಮು ಹಣದ ಡಿಕ್ರಿಗೆ ಮಾತ್ರ. ಮಗು ಯಾರ ಬಳಿ ಇರಬೇಕೆಂಬ ಆಜ್ಞೆಗೆ ಅದು ಅನ್ವಯಿಸದು. ಹಣ ಗಡಿ ದಾಟುವುದಕ್ಕೆ ಕ್ರಮವಿದೆ, ಕೂಸು ಗಡಿ ದಾಟಿದರೆ ಏನೆಂಬುದಕ್ಕೆ ನಮ್ಮಲ್ಲಿ ಲಿಖಿತ ಕ್ರಮವೇ ಇಲ್ಲ.

ಜಗತ್ತಿನ ಬೇರೆ ರಾಷ್ಟ್ರಗಳು ಏನು ಮಾಡಿವೆ ಎಂಬುದನ್ನು ನೋಡೋಣ. 1980ರ ಅಕ್ಟೋಬರ್ 25ರಂದು ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಒಂದು ಒಡಂಬಡಿಕೆ ಸಿದ್ಧವಾಯಿತು. 1983ರ ಡಿಸೆಂಬರ್ 1ರಿಂದ ಜಾರಿಗೆ ಬಂದಿತು. ಈಗ ನೂರಕ್ಕೂ ಹೆಚ್ಚು ರಾಷ್ಟ್ರಗಳು ಅದರಲ್ಲಿವೆ. ನೆರೆಯ ಶ್ರೀಲಂಕಾ 2001ರಲ್ಲಿ ಸೇರಿತು, ಪಾಕಿಸ್ತಾನ 2016ರಲ್ಲಿ. ಬಹುಕಾಲ ಹಿಂಜರಿದ ಜಪಾನು ಕೂಡ 2014ರಲ್ಲಿ ಸೇರಿತು. ಭಾರತ ಸೇರಿಲ್ಲ.

ಈ ಒಡಂಬಡಿಕೆಯ ತಿರುಳು ಸರಳವಾದದ್ದು. ಮಗು ತಂದೆಗೋ ತಾಯಿಗೋ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ಆ ಪ್ರಶ್ನೆಯನ್ನು ಯಾವ ದೇಶದ ಕೋರ್ಟು ವಿಚಾರಿಸಬೇಕು ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ಹದಿನಾರು ವರ್ಷದೊಳಗಿನ ಮಗು ಯಾವ ದೇಶದಲ್ಲಿ ರೂಢಿಯಾಗಿ ವಾಸವಾಗಿತ್ತೋ ಅಲ್ಲಿಗೆ ಅದನ್ನು ಹಿಂದಿರುಗಿಸತಕ್ಕದ್ದು. ಉಳಿದ ವ್ಯಾಜ್ಯ ಅಲ್ಲಿ ನಡೆಯಲಿ ಎಂಬುದು ಮೂಲ ನಿಯಮ. ಪ್ರತಿಯೊಂದು ರಾಷ್ಟ್ರವೂ ಇದಕ್ಕಾಗಿ ಒಂದು ಕೇಂದ್ರ ಅಧಿಕಾರಸ್ಥಾನವನ್ನು ನೇಮಿಸಬೇಕು. ಮಗುವನ್ನು ಕಳೆದುಕೊಂಡ ತಂದೆ ಅಥವಾ ತಾಯಿ ಅದಕ್ಕೆ ಅರ್ಜಿ ಕೊಟ್ಟರೆ ಅದು ಮಗುವನ್ನು ಹುಡುಕಿಸಿ, ಸಂಧಾನಕ್ಕೆ ಯತ್ನಿಸಿ, ಬೇಕಾದರೆ ಕೋರ್ಟಿನ ದಾರಿ ತೋರಿಸುತ್ತದೆ. ಆರು ವಾರಗಳಲ್ಲಿ ತೀರ್ಮಾನವಾಗದಿದ್ದರೆ ವಿಳಂಬಕ್ಕೆ ಕಾರಣ ಕೇಳಬಹುದು. ಆಚರಣೆಯಲ್ಲಿ ತಿಂಗಳುಗಟ್ಟಲೆ ಹಿಡಿಯುವುದುಂಟು. ಆದರೂ ಗಡುವು ಎಂಬುದೊಂದು ಕಾಗದದ ಮೇಲಿದೆ.

ನಿಯಮಕ್ಕೆ ಅಪವಾದಗಳೂ ಇವೆ. ಮಗುವನ್ನು ಕರೆತಂದು ಒಂದು ವರ್ಷ ಕಳೆದ ಮೇಲೆ ಅರ್ಜಿ ಬಂದಿದ್ದು, ಮಗು ಹೊಸ ಜಾಗದಲ್ಲಿ ಬೇರೂರಿದ್ದರೆ ಕೋರ್ಟು ಹಿಂದಿರುಗಿಸದೆ ಇರಬಹುದು. ಹಿಂದಿರುಗಿಸಿದರೆ ಮಗುವಿನ ಮೈಗೋ ಮನಸ್ಸಿಗೋ ಘೋರವಾದ ಹಾನಿಯ ಭಯವಿದ್ದರೂ, ತಿಳಿವಳಿಕೆ ಬಂದ ಮಗುವೇ ಒಲ್ಲೆನೆಂದರೂ ನಿರಾಕರಿಸಬಹುದು.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿರುವುದು 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆ. ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ಜಿಲ್ಲಾ ಕೋರ್ಟಿಗೆ ಅಧಿಕಾರ ಎಂದು ಅದು ಹೇಳುತ್ತದೆ. ಆಮೇಲೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ ಕಾಯಿದೆ. ಕನ್ನಡ ನಾಡು ಒಂದುಗೂಡಿದ ವರ್ಷವೇ ಅದೂ ಬಂದಿತು. ಸಹಜ ಪೋಷಕನು ತಂದೆ, ಅವನ ತರುವಾಯ ತಾಯಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು ಅದರ 6ನೆಯ ಕಲಮು. ‘ತರುವಾಯ’ ಎಂಬ ಆ ಒಂದು ಮಾತು ಬ್ಯಾಂಕಿನವರಿಗೆ ಪರಿಚಿತವಾದದ್ದು. ಲೇಖಕಿ ಗೀತಾ ಹರಿಹರನ್ ಮತ್ತು ಅವರ ಪತಿ 1984ರಲ್ಲಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಹೋದಾಗ ಪೋಷಕಿಯಾಗಿ ತಾಯಿಯ ಸಹಿ ಸಾಲದೆನಿಸಿತು. ಮಾತು ಸುಪ್ರೀಂ ಕೋರ್ಟಿಗೆ ಹೋಗಿ, 1999ರಲ್ಲಿ ತೀರ್ಪಾಯಿತು: ‘ತರುವಾಯ’ ಎಂದರೆ ತಂದೆ ತೀರಿಕೊಂಡ ಮೇಲೆ ಎಂದೇ ಅರ್ಥವಲ್ಲ, ಮಗುವಿನ ಪಾಲನೆಯಲ್ಲಿ ಅವನು ಇಲ್ಲದಿದ್ದಾಗ ಎಂದೂ ಆಗುತ್ತದೆ. ಇಷ್ಟು ಸೂಕ್ಷ್ಮವನ್ನು ಬಿಡಿಸಿದ ಕಾಯಿದೆಯಲ್ಲಿಯೂ ಪರದೇಶದಿಂದ ಕರೆತಂದ ಮಗುವಿನ ಬಗ್ಗೆ ಒಂದು ಸಾಲಿಲ್ಲ. ಮಗುವಿನ ಕ್ಷೇಮವೇ ಪರಮ ಎಂಬ 13ನೆಯ ಕಲಮೊಂದೇ ಆಧಾರ. ಹೀಗಾಗಿ ಜನರು ಹೇಬಿಯಸ್ ಕಾರ್ಪಸ್ ಅರ್ಜಿ ಹಿಡಿದು ಉಚ್ಚ ನ್ಯಾಯಾಲಯಕ್ಕೆ ಓಡುತ್ತಾರೆ.

ಅಲ್ಲಿ ಏನಾಗುತ್ತದೆ? 1984ರ ಒಂದು ಮೊಕದ್ದಮೆಯಲ್ಲಿ ಇಂಗ್ಲೆಂಡಿನಿಂದ ತಂದೆಯು ಮಗನನ್ನು ಕರೆತಂದಿದ್ದನು. ಅವನು ಹೆಂಡತಿಯನ್ನು ಕೊಲ್ಲಿಸಲು ಹವಣಿಸಿ ಅಲ್ಲಿ ಶಿಕ್ಷೆಗೊಳಗಾಗಿದ್ದವನು. ಮಗುವಿನ ಬಾಳಿಗೆ ಅತಿ ನಿಕಟವಾದ ಸಂಬಂಧವುಳ್ಳ ದೇಶದ ಕೋರ್ಟೇ ವಿಚಾರಿಸುವುದು ಯುಕ್ತವೆಂದು ಸುಪ್ರೀಂ ಕೋರ್ಟು ಮಗನನ್ನು ತಾಯಿಗೆ ಒಪ್ಪಿಸಿತು. 1998ರ ವರದಿಗಳಲ್ಲಿ ಬಂದ ಇನ್ನೊಂದರಲ್ಲಿ ಹಸುಗೂಸನ್ನು ತಾಯಿ ಅಮೆರಿಕದಿಂದ ತಂದು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸಂದಿತ್ತು. ಇಷ್ಟು ಕಾಲ ಇಲ್ಲಿ ಬೆಳೆದವನನ್ನು ಕೀಳಲಾಗದೆಂದು ತಾಯಿಯ ಬಳಿಯೇ ಉಳಿಸಿತು. 2009ರಲ್ಲಿ ಮತ್ತೊಂದು: ಅಮೆರಿಕದಿಂದ ತಂದ ಬಾಲಕನನ್ನು ಊರಿಂದೂರಿಗೆ ಒಯ್ಯಲಾಗಿ, ಕಡೆಗೆ ಸಿ.ಬಿ.ಐ.ನವರು ಚೆನ್ನೈಯಲ್ಲಿ ಪತ್ತೆ ಮಾಡಿದರು. ಎರಡು ವರ್ಷ ಹುಡುಕಾಟಕ್ಕೇ ಕಳೆಯಿತು. ಅವನನ್ನು ಅಮೆರಿಕಕ್ಕೆ ಕಳುಹಿಸಲು ಆಜ್ಞೆಯಾಯಿತು.

2015ರಲ್ಲಿ, ಮೊದಲು ಆಜ್ಞೆ ಮಾಡಿದ ಪರದೇಶದ ಕೋರ್ಟಿಗೆ ಮನ್ನಣೆ ಕೊಡಬೇಕೆಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ಎರಡೇ ವರ್ಷದಲ್ಲಿ, ಅಂದರೆ 2017ರಲ್ಲಿ, ಮೂವರ ಪೀಠ ಅದನ್ನೊಪ್ಪದೆ, ಪರದೇಶದ ಆಜ್ಞೆ ಪರಿಗಣಿಸತಕ್ಕ ಹಲವು ಅಂಶಗಳಲ್ಲಿ ಒಂದು ಮಾತ್ರ. ಕ್ಷೇಮವೇ ಮುಖ್ಯ ಎಂದು ತೀರ್ಪಿತ್ತು. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದು ಬಂದಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಬಾಲಕನನ್ನು ತಾಯಿ 2020ರಲ್ಲಿ ಕರೆತಂದಿದ್ದರು. ಮಗುವಿನ ಬಯಕೆ ಏನೆಂಬುದು ಬೇರೆ, ಅದರ ಹಿತ ಯಾವುದೆಂಬುದು ಬೇರೆ ಎಂದು ಹೇಳಿ, ಅವನು ಅಮೆರಿಕಕ್ಕೆ ಹಿಂದಿರುಗತಕ್ಕದ್ದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು.

ಈ ತೀರ್ಪುಗಳಲ್ಲಿ ಯಾವುದನ್ನೂ ತಪ್ಪೆನ್ನಲು ನಾವು ಯೋಗ್ಯರಲ್ಲ. ಒಂದೊಂದನ್ನು ಬಿಡಿಯಾಗಿ ಓದಿದರೆ ಒಂದೊಂದೂ ಮಗುವಿನ ಮೇಲಿನ ಕನಿಕರದಿಂದಲೇ ಬರೆದದ್ದು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಬೇಗ ಬಂದ ಮೊಕದ್ದಮೆಯಲ್ಲಿ ಮಗುವಿನ ಬೇರು ಆಚೆಯ ದೇಶದಲ್ಲಿರುತ್ತದೆ. ತಡವಾದಲ್ಲಿ ಬೇರು ಇಲ್ಲಿಗೆ ಇಳಿದಿರುತ್ತದೆ. ನ್ಯಾಯಾಧೀಶರಿಗಿಂತ ಮೊದಲು ಕಾಲವೇ ಅರ್ಧ ತೀರ್ಪು ಬರೆದಿರುತ್ತದೆ. ಮಗು ಯಾರ ಕೈಯಲ್ಲಿದೆಯೋ ಅವರಿಗೆ ವಾಯಿದೆ ಬೇಡುವುದೇ ಲಾಭ. ಸಾಲ ಮಾಡಿದವನು ಕಂತು ತಪ್ಪಿಸಿದಷ್ಟೂ ಸಾಲ ಮನ್ನಾ ಆಗುತ್ತ ಹೋದರೆ ಯಾವ ಬ್ಯಾಂಕು ತಾನೆ ಉಳಿದೀತು?

ಹಾಗಾದರೆ ಸರಕಾರ ಸುಮ್ಮನಿದೆಯೇ? ಪೂರ್ತಿ ಸುಮ್ಮನಿಲ್ಲ. ಒಡಂಬಡಿಕೆಗೆ ಸೇರುವುದು ಲೇಸೆಂದು ಕಾನೂನು ಆಯೋಗ 2009ರಲ್ಲಿ ತನ್ನ 218ನೆಯ ವರದಿಯಲ್ಲಿ ಹೇಳಿತು. 2016ರಲ್ಲಿ ಮಸೂದೆಯ ಕರಡಾಯಿತು. ಅದೇ ವರ್ಷ ಆಯೋಗ 263ನೆಯ ವರದಿ ಕೊಟ್ಟಿತು. ಆಗ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಅವರ ಸಮಿತಿ 2018ರಲ್ಲಿ ವರದಿಯೊಪ್ಪಿಸಿ, ಇಂಥ ವ್ಯಾಜ್ಯಗಳ ಇತ್ಯರ್ಥಕ್ಕೆಂದೇ ಒಂದು ಪ್ರಾಧಿಕಾರ ಬೇಕೆಂದಿತು. ಇದೊಂದೂ ಕಾಯಿದೆಯಾಗಿ ಬರಲಿಲ್ಲ.

ಅಡ್ಡಬಂದ ಆಕ್ಷೇಪ ತಳ್ಳಿಹಾಕತಕ್ಕದ್ದಲ್ಲ. ಒಡಂಬಡಿಕೆ ರಚಿಸಿದವರ ಕಣ್ಣೆದುರು ಇದ್ದವನು ಸಿಟ್ಟಿನಿಂದ ಮಗುವನ್ನು ಕಸಿದು ಓಡುವ ತಂದೆ. ಈಗ ಲೆಕ್ಕ ಹಾಕಿದರೆ ಮಗುವನ್ನು ಕರೆದೊಯ್ಯುವವರಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಪಾಲು ತಾಯಂದಿರು. ಅವರಲ್ಲಿ ಹೊಡೆತ ತಾಳಲಾರದೆ ಓಡಿಬಂದವರು ಇದ್ದಾರೆ. ಪರದೇಶದಲ್ಲಿ ಗಂಡನ ವೀಸಾದ ನೆರಳಿನಲ್ಲಿ ಬದುಕುವ ಹೆಣ್ಣಿಗೆ ಸ್ವಂತ ಸಂಪಾದನೆಯಿಲ್ಲ, ವಕೀಲನಿಗೆ ಕೊಡಲು ಹಣವಿಲ್ಲ, ಕಷ್ಟ ಹೇಳಿಕೊಳ್ಳಲು ಪಕ್ಕದ ಮನೆಯ ಅಕ್ಕನಿಲ್ಲ. ಅಮೆರಿಕದಲ್ಲಿ 1993ರ ಕಾನೂನಿನಂತೆ ಹೀಗೆ ಮಗುವನ್ನು ಒಯ್ಯುವುದು ಅಪರಾಧ. ಮೂರು ವರ್ಷದವರೆಗೆ ಸೆರೆ. ಮಗುವನ್ನು ಹಿಂದಕ್ಕೆ ಕಳುಹಿಸು ಎಂದರೆ ಅವಳನ್ನೂ ಆ ಮನೆಗೆ, ಇಲ್ಲವೆ ಸೆರೆಮನೆಗೆ ಕಳುಹಿಸಿದಂತೆ ಆಗಕೂಡದು. ಹೆಣ್ಣುಮಕ್ಕಳನ್ನು ಹೆತ್ತ ನಮ್ಮಲ್ಲಿ ಯಾರಿಗೆ ಈ ಮಾತು ನಾಟದು?

ಆದರೆ ಬಾಗಿಲು ಎರಡು ಕಡೆಗೂ ತೆರೆಯುತ್ತದೆ ಎಂಬುದನ್ನು ಮರೆಯಬಾರದು. ದೆಹಲಿಯ ತಾಯಿಯೊಬ್ಬರಿಗೂ ಕೀನ್ಯಾದಲ್ಲಿ ನೆಲೆಸಿದ ತಂದೆಗೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಮಗನನ್ನು ತಂದೆಗೆ ಒಪ್ಪಿಸಿತು. ತಾಯಿಗೆ ಭೇಟಿಯ ಹಕ್ಕು ತಪ್ಪದಂತೆ, ಅಲ್ಲಿಯ ಕೋರ್ಟಿನಿಂದ ಇದರ ಪಡಿಯಚ್ಚಾದ ಆಜ್ಞೆ ತರಬೇಕೆಂದು ಷರತ್ತು ಹಾಕಿತು. ಮಗು ಕೀನ್ಯಾ ಸೇರಿತು. 2021ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ, ಭಾರತದ ತೀರ್ಪುಗಳಿಗೆ ತಮ್ಮಲ್ಲಿ ಪರಸ್ಪರ ಮನ್ನಣೆಯ ಏರ್ಪಾಡಿಲ್ಲವೆಂದಿತು. ಸುಪ್ರೀಂ ಕೋರ್ಟು ತನ್ನ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು, ನ್ಯಾಯಾಲಯ ನಿಂದನೆಗಾಗಿ 2022ರಲ್ಲಿ ತಂದೆಗೆ ಶಿಕ್ಷೆ ವಿಧಿಸಿತು. ನಮ್ಮ ದೇಶದ ಅತ್ಯುನ್ನತ ಕೋರ್ಟಿನ ಸಹಿಗೂ ಸಮುದ್ರದಾಚೆ ಬೆಲೆ ಸಿಗದೆ ಹೋಯಿತು. ನಾವು ಇತರರ ಆಜ್ಞೆಗೆ ಕ್ರಮವಾಗಿ ಮನ್ನಣೆ ಕೊಡದಿದ್ದರೆ ನಮ್ಮದಕ್ಕೆ ಮನ್ನಣೆ ಕೇಳುವುದು ಹೇಗೆ? ಇಲ್ಲಿ ಸೋತವಳೂ ಒಬ್ಬ ತಾಯಿಯೇ.

ಆದ್ದರಿಂದ ನಮ್ಮ ವಿನಮ್ರ ಅಭಿಪ್ರಾಯ ಹೀಗಿದೆ. ಒಡಂಬಡಿಕೆಗೆ ಸೇರಲಿ, ಅಥವಾ ನಮ್ಮದೇ ಕಾಯಿದೆ ಮಾಡಲಿ. ಅದರಲ್ಲಿ ಎರಡು ಅಂಶ ಇರಲೇಬೇಕು. ಮನೆಯೊಳಗಿನ ಹಿಂಸೆಯೂ ಮಗುವಿಗೆ ಘೋರ ಹಾನಿಯೇ ಎಂದು ಸ್ಪಷ್ಟ ಮಾತಿನಲ್ಲಿ ಬರೆಯಬೇಕು; ಹಿಂದಿರುಗುವ ತಾಯಿಯ ವಸತಿ, ಖರ್ಚು, ವಕೀಲರ ನೆರವು, ಸೆರೆಯ ಭಯದಿಂದ ರಕ್ಷಣೆ ಇವು ಮೊದಲೇ ನಿಶ್ಚಯವಾಗಬೇಕು. ಎರಡನೆಯದು ಗಡುವು. ಮಗು ಇಲ್ಲಿರಬೇಕೆ, ಅಲ್ಲಿಗೆ ಹೋಗಬೇಕೆ ಎಂಬ ಮೊದಲ ಪ್ರಶ್ನೆಗೆ ವಾರಗಳಲ್ಲಿ ಉತ್ತರ ಬರಬೇಕು. ತಡವಾದ ಹಣಕ್ಕೆ ನಾವು ಬಡ್ಡಿ ಕಟ್ಟಿಕೊಡಬಲ್ಲೆವು. ಕಳೆದ ಬಾಲ್ಯಕ್ಕೆ ಯಾರು ಕಟ್ಟಿಕೊಟ್ಟಾರು?

ಕಾಯಿದೆ ಬರುವ ತನಕ ನಮ್ಮ ಕೈಲಾದುದೂ ಇದೆ. ಮಗಳು ರಾತ್ರಿ ಫೋನಿನಲ್ಲಿ ಅತ್ತಾಗ ‘ಮಗೂನ ಎತ್ತಿಕೊಂಡು ಬಂದ್ಬಿಡವ್ವಾ, ಮುಂದೆ ನೋಡೋಣ’ ಎನ್ನುವುದು ಹೆತ್ತ ಕರುಳಿಗೆ ಸಹಜ. ಆ ಒಂದು ಮಾತಿನಿಂದ ಅವಳು ಪರದೇಶದ ಕಾಯಿದೆಯಲ್ಲಿ ಅಪರಾಧಿಯಾಗಬಹುದೆಂಬುದನ್ನು ತಿಳಿದಿರಬೇಕು. ಜೀವಭಯವಿದ್ದರೆ ಮೊದಲು ಅಲ್ಲಿಯ ಪೋಲೀಸರಿಗೆ ದೂರು, ವೈದ್ಯರ ದಾಖಲೆ, ಸಾಧ್ಯವಾದರೆ ಅಲ್ಲಿಯ ಕೋರ್ಟಿನ ಅನುಮತಿ. ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಏರ್ಪಟ್ಟ ಸಮುದಾಯ ಕಲ್ಯಾಣ ನಿಧಿಯಿದೆ. ಸಂಕಟದಲ್ಲಿರುವ ಹೆಣ್ಣುಮಕ್ಕಳು ಅಲ್ಲಿ ನೆರವು ಕೇಳಬಹುದು. ಮಗ ಮಗುವನ್ನು ತಂದು ಅಜ್ಜಿಯ ಮಡಿಲಲ್ಲಿಟ್ಟರೆ, ಅದರ ತಾಯಿ ಎಲ್ಲಿ ಎಂದು ಕೇಳುವ ಧೈರ್ಯ ಅಜ್ಜಿಗಿರಬೇಕು. ವ್ಯಾಜ್ಯ ಎಷ್ಟೇ ಕಾಲ ನಡೆಯಲಿ, ದೂರದಲ್ಲಿರುವ ತಂದೆಯೊಡನೆಯೋ ತಾಯಿಯೊಡನೆಯೋ ಮಗು ಫೋನಿನಲ್ಲಿ, ವಿಡಿಯೋ ಕರೆಯಲ್ಲಿ ಮಾತನಾಡುತ್ತಿರಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅದಕ್ಕೆ ಯಾವ ಒಡಂಬಡಿಕೆಯೂ ಬೇಡ, ಮನೆಯ ಹಿರಿಯರ ಮನಸ್ಸು ಸಾಕು.

ನಮ್ಮ ಸಂಘದಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಎರಡು ಮನೆಯವರೂ ಗೌರವಿಸುವ ಹಿರಿಯರಿದ್ದಾರೆ. ಇವರಲ್ಲಿ ನಾಲ್ಕು ಜನರ ಒಂದು ಸಲಹಾ ಮಂಡಲಿಯನ್ನು ಕಾರ್ಯಕಾರಿ ಸಮಿತಿ ನೇಮಿಸಿದರೆ, ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಜನ ಅವರ ಬಳಿಗೆ ಬಂದಾರು. ಈ ಸೂಚನೆಯನ್ನು ಅಧ್ಯಕ್ಷರ ಮುಂದಿಡುತ್ತೇವೆ.