ಕಚೇರಿಯವರೆಗೆ ಬಂದ ತಂತಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮನೆಗೆ ಬರುವ ಇಂಟರ್‌ನೆಟ್ಟಿನ ವೇಗದ ವಿಷಯವಾಗಿ ಎರಡು ಮಾತು ಆಡಬೇಕೆಂದು ನಮಗೆ ಅಪ್ಪಣೆಯಾಗಿದೆ. ದೋಸೆ ಹುಯ್ಯುವವರಿಗೂ ತಟ್ಟೆ ಎತ್ತುವವರಿಗೂ ಇದರ ಗೊಡವೆ ಏಕೆಂದು ಕೆಲವರು ಕೇಳಿಯಾರು. ಊರಿಗೆ ಹಣ ಕಳುಹಿಸುವುದು, ರೈಲಿನ ಟಿಕೆಟು, ಭವಿಷ್ಯನಿಧಿಯ ಲೆಕ್ಕ, 2021ರಲ್ಲಿ ಆರಂಭವಾದ ಇ-ಶ್ರಮ್ ಪಟ್ಟಿಯಲ್ಲಿ ಹೆಸರು ಬರೆಸುವುದು, ಇವೆಲ್ಲ ಈ ತಂತಿಯ ಮೇಲೆಯೇ ನಡೆಯುತ್ತಿರುವಾಗ ಗೊಡವೆ ಬೇಡವೆಂದರೆ ಆದೀತೆ?

ನಾವು ದುಡಿಯುವ ಸೆಕ್ಟರ್ ಫೈವ್ ಎಂತಹ ಸ್ಥಳವೆಂಬುದು ನಿಮಗೆ ಗೊತ್ತೇ ಇದೆ. ಉಪ್ಪುನೀರಿನ ಜೌಗಿಗೆ ಹೂಗ್ಲಿ ನದಿಯ ಹೂಳು ತುಂಬಿಸಿ, ಬಿಧಾನಚಂದ್ರ ರಾಯರ ಕಾಲದಲ್ಲಿ, 1962ರಲ್ಲಿ ಕೈಹಚ್ಚಿದ ಉಪನಗರದ ಒಂದು ಅಂಚು ಅದು. ಈಗ ಅಲ್ಲಿ ಎತ್ತ ನೋಡಿದರೂ ಕಂಪ್ಯೂಟರ್ ಕಚೇರಿಗಳೇ. ಆ ಕಚೇರಿಗಳಿಗೆ ಗಾಜಿನೆಳೆಯ ಕೇಬಲು ಬಂದಿದೆ. ಅಲ್ಲಿನವರಿಗೆ ಇಡ್ಲಿ ಬಡಿಸುವ ನಾವು ಮಲಗುವುದು ಪಕ್ಕದ ಮಹಿಷಬಾಥಾನ, ನಯಾಪಟ್ಟಿಗಳ ಓಣಿಗಳಲ್ಲಿ. ನಮ್ಮ ಓಣಿಗೆ ಅದು ಬಂದಿಲ್ಲ.

ಒಂದು ಕಂಪನಿಯವರನ್ನು ಕೇಳಿದೆವು. ನಿಮ್ಮ ವಿಳಾಸಕ್ಕೆ ಸೌಕರ್ಯವಿಲ್ಲ ಎಂದರು. ಇನ್ನೊಬ್ಬರು ಹತ್ತು ಮನೆ ಕೂಡಿದರೆ ನೋಡೋಣವೆಂದರು. ಮನೆಯ ಮಾಲೀಕರೋ ಗೋಡೆಗೆ ತೂತು ಕೊರೆಯಲು ಒಪ್ಪಲಿಲ್ಲ. ಕಡೆಗೆ ಟೀವಿ ಕೇಬಲಿನವರೊಬ್ಬರು ‘50ರ ವೇಗದವರೆಗೆ’ ಎಂದು ಹೇಳಿ ತಂತಿ ಎಳೆದುಕೊಟ್ಟರು. ಆ ‘ವರೆಗೆ’ ಎಂಬ ಮಾತಿನಲ್ಲೇ ಎಲ್ಲವೂ ಅಡಗಿದೆ! ‘ನಾಲ್ಕು ಪಲ್ಯದವರೆಗೆ’ ಎಂದು ಬೋರ್ಡು ಬರೆದು ಒಂದೇ ಪಲ್ಯ ಬಡಿಸಿದರೆ ಗಿರಾಕಿ ನಮ್ಮನ್ನು ಬಿಟ್ಟಾನೆಯೇ?

ಹೀಗೇಕೆಂಬುದನ್ನು ತಿಳಿದುಕೊಳ್ಳಬೇಕು. ಹಳೆಯ ಟೆಲಿಫೋನಿನ ತಾಮ್ರದ ತಂತಿಯನ್ನು ಮಾಡಿದ್ದು ಮಾತಿಗಾಗಿ. ಎಕ್ಸ್‌ಚೇಂಜಿನಿಂದ ಮನೆ ದೂರವಾದಂತೆಲ್ಲ ಅದರಲ್ಲಿ ಇಂಟರ್‌ನೆಟ್ಟಿನ ವೇಗ ಕುಗ್ಗುತ್ತದೆ. ಅಡಿಗೆಮನೆಯಿಂದ ದೂರದ ಮೇಜಿಗೆ ಕಾಫಿ ಆರಿ ತಲಪಿದ ಹಾಗೆ. ಗಾಜಿನೆಳೆಯಲ್ಲಿ ಹೋಗುವುದು ಬೆಳಕು. ಅದಕ್ಕೆ ಊರೊಳಗಿನ ದೂರ ಲೆಕ್ಕಕ್ಕಿಲ್ಲ. ಆದರೆ ಅದನ್ನು ಎಳೆಯಲು ನೆಲ ಅಗೆಯಬೇಕು ಇಲ್ಲವೆ ಕಂಬ ಹಿಡಿಯಬೇಕು. ಅದಕ್ಕೆ ಹಣ ಬೇಕು. ಯಾವ ಓಣಿಯಲ್ಲಿ ಎಷ್ಟು ಗಿರಾಕಿಗಳೆಂದು ಕಂಪನಿ ಎಣಿಸಿಯೇ ಎಳೆಯುತ್ತದೆ. ಒಂದು ಕೋಣೆಯಲ್ಲಿ ಎಂಟು ಮಂದಿ ಮಲಗುವ ನಮ್ಮನ್ನು ಒಂದು ಮನೆಯೆಂದು ಎಣಿಸುತ್ತಾರೋ, ಎಣಿಸುವುದೇ ಇಲ್ಲವೋ!

ಸರಕಾರದ ಅಳತೆಗೋಲು ಕೂಡ ನಿಧಾನವಾಗಿಯೇ ಬೆಳೆಯಿತು. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸಿತು. 2 ಮೆಗಾಬಿಟ್ ಬೇಕೆಂದು ಹೇಳುವ ಹೊತ್ತಿಗೆ 2023 ಬಂದಿತ್ತು. ಮೊಬೈಲು ಸಾಲದೇ ಎನ್ನುವವರಿದ್ದಾರೆ. ದಿನದ ಪಾಲು ಮುಗಿದ ಮೇಲೆ ಅದು ಕುಂಟುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ?

ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರೆಂಬುದನ್ನು ಹಿರಿಯರು ಬಲ್ಲರು. ಇಲ್ಲಿ ನಮ್ಮ ಹುಡುಗರ ರಾತ್ರಿಶಾಲೆ ಈ ತಂತಿಯೇ. ಹತ್ತನೆಯ ತರಗತಿಗೆ ಮತ್ತೆ ಕಟ್ಟಿದವನು ಪಾಠ ಕೇಳುತ್ತಿರುವಾಗ ಮೇಷ್ಟರ ಬಾಯಿ ತೆರೆದದ್ದು ತೆರೆದಂತೆಯೇ ನಿಂತರೆ ಅವನು ಏನನ್ನು ಕಲಿತಾನು? ಇಂಟರ್‌ನೆಟ್ಟು ಸಿಗುವುದು ವಿದ್ಯೆಯ ಹಕ್ಕಿಗೆ ಸೇರಿದ್ದೆಂದು ಕೇರಳದ ಉಚ್ಚ ನ್ಯಾಯಾಲಯ 2019ರಲ್ಲಿ, ಹಾಸ್ಟೆಲಿನ ಹುಡುಗಿಯೊಬ್ಬಳ ಮೊಕದ್ದಮೆಯಲ್ಲಿ, ಹೇಳಿದೆ.

ಈಗ ಮಾಡತಕ್ಕ ಕೆಲಸವೇನು? ಕೇಂದ್ರ ಸರಕಾರ 2020ರ ಡಿಸೆಂಬರಿನಲ್ಲಿ ಪಿ.ಎಂ.-ವಾಣಿ ಎಂಬ ಏರ್ಪಾಡನ್ನು ಒಪ್ಪಿತು. ಅದರ ಪ್ರಕಾರ ಚಹದಂಗಡಿಯವರು ಕೂಡ ಲೈಸೆನ್ಸಿಲ್ಲದೆ, ನೋಂದಣಿ ಶುಲ್ಕವಿಲ್ಲದೆ, ಒಂದು ಸಂಪರ್ಕ ಪಡೆದು ಸುತ್ತಲಿನವರಿಗೆ ವೈ-ಫೈ ಹಂಚಬಹುದು. ಕಂಪನಿಗಳು ಇಂತಹವರಿಂದ ಭಾರಿ ದರ ಕೇಳುತ್ತಿದ್ದವು. 2025ರ ಜೂನಿನಲ್ಲಿ ಟ್ರಾಯ್ ಅದಕ್ಕೆ ಮಿತಿ ಹಾಕಿತು: 200 ಮೆಗಾಬಿಟ್‌ವರೆಗಿನ ಗಾಜಿನೆಳೆಯ ಸಂಪರ್ಕಕ್ಕೆ, ಮನೆಯವರ ದರದ ಎರಡರಷ್ಟಕ್ಕಿಂತ ಹೆಚ್ಚು ಕೇಳಕೂಡದು. ಎರಡರಷ್ಟಾದರೂ ಮೂವತ್ತು ಜನ ಹಂಚಿಕೊಂಡರೆ ತಲೆಗೆ ಬೀಳುವುದೆಷ್ಟು? ಗಾಜಿನೆಳೆ ಬಂದಿರುವ ಕಡೆ ನಮ್ಮವರ ಅಂಗಡಿಯಿದ್ದರೆ ಅಲ್ಲಿಂದಲೇ ಆರಂಭಿಸಬಹುದು. ಉಳಿದ ಓಣಿಗಳಿಗೆ ಕಂಪನಿ ಹೇಳಿದ ಹತ್ತು ಮನೆಗಳನ್ನು ನಾವೇ ಕೂಡಿಸಬೇಕು.

ಭಾನುವಾರ ಕಚೇರಿಗಳಿಗೆ ರಜೆಯಾದ್ದರಿಂದ ನಮಗೂ ಅರ್ಧ ದಿನ ಬಿಡುವುಂಟು. ಓಣಿಯ ಹೆಸರು, ಕೋಣೆಯಲ್ಲಿರುವ ಜನರ ಸಂಖ್ಯೆ, ಹತ್ತಿರದ ಕಂಬದ ನಂಬರು, ಇಷ್ಟನ್ನು ಬರೆದುಕೊಂಡು ಬನ್ನಿ. ಮಾಲೀಕರೊಡನೆ ಬಂಗಾಳಿಯಲ್ಲಿ ನಯವಾಗಿ ಮಾತಾಡಬಲ್ಲ ಇಬ್ಬರು ಬೇಕಾಗಿದ್ದಾರೆ. ಹೆಸರು ಈಗಲೇ ಕೊಡಬಹುದು.